ಐದು ವರ್ಷ ಆಡಿದವಳಿಗೆ ಹೆದರಿಕೆ ಏಕೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಗ್ರಾಮೀಣ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ನಮ್ಮ ಬಾಲಕಿಯರ ಕಬಡ್ಡಿ ತಂಡದ ನಾಯಕಿ ಆರನೆಯ ತರಗತಿಯಿಂದ ಆಡುತ್ತ ಬಂದವಳು, ಈಗ ಹತ್ತನೆಯ ತರಗತಿ. ತಾಲೂಕು ಮಟ್ಟದವರೆಗೆ ಅವಳನ್ನು ಹಿಡಿಯುವವರೇ ಇಲ್ಲ. ಹೋದ ವರ್ಷ ಜಿಲ್ಲಾ ಮಟ್ಟದ ಪಂದ್ಯದಲ್ಲಿ ಕೊನೆಯ ರೇಡ್‌ಗೆ ಹೋದವಳು ಸಿಕ್ಕಿಬಿದ್ದು ತಂಡ ಸೋತಿತು. ಅಂದಿನಿಂದ ದೊಡ್ಡ ಪಂದ್ಯವೆಂದರೆ ಅವಳ ಕೈಕಾಲು ತಣ್ಣಗಾಗುತ್ತವೆ. ಒಂದೇ ವರ್ಷದಿಂದ ಆಡುತ್ತಿರುವ ಒಂಬತ್ತನೆಯ ತರಗತಿಯ ಹುಡುಗಿಗೆ ಮಾತ್ರ ಯಾವ ಅಳುಕೂ ಇಲ್ಲ. ಆಡುತ್ತ ಹೋದಂತೆ ಧೈರ್ಯ ತಾನಾಗಿ ಬರುತ್ತದೆ ಎಂದು ನಾನು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಅನುಭವ ಹೆಚ್ಚಿದಂತೆ ಹೆದರಿಕೆಯೂ ಹೆಚ್ಚುವುದುಂಟೇ? ಇದನ್ನು ಅಳೆಯುವ ಪರೀಕ್ಷೆ ಇದೆಯೇ? ಈ ವರ್ಷ ಮುಖ್ಯ ರೇಡರ್ ಆಗಿ ಚಿಕ್ಕವಳನ್ನೇ ಕಳಿಸಲೇ?

ಉತ್ತರ: ಹೆಚ್ಚುವುದುಂಟು, ಮತ್ತು ನಿಮ್ಮ ನಾಯಕಿಯಂಥವರನ್ನು ನಾನು ಪ್ರತಿ ಹಂಗಾಮಿನಲ್ಲಿಯೂ ನೋಡುತ್ತೇನೆ. ಆದರೆ ನಿಮ್ಮ ನಂಬಿಕೆ ಪೂರ್ತಿ ತಪ್ಪೆಂದು ಹೇಳಲಾರೆ. ಆಟಗಾರರ ದೊಡ್ಡ ಗುಂಪುಗಳನ್ನು ಪ್ರಶ್ನಿಸಿ ಮಾಡಿದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣುವುದೂ ಅದೇ: ಹೆಚ್ಚು ಕಾಲ ಆಡಿದವರಲ್ಲಿ, ಮೇಲಿನ ಮಟ್ಟದಲ್ಲಿ ಆಡಿದವರಲ್ಲಿ ಆತ್ಮವಿಶ್ವಾಸ ಸರಾಸರಿಯಲ್ಲಿ ತುಸು ಹೆಚ್ಚು, ಆತಂಕ ತುಸು ಕಡಿಮೆ. ಈ ಸರಾಸರಿಯೊಳಗೆ ಒಂದು ಮೋಸ ಅಡಗಿದೆ. ಧಾರವಾಡದ ಒಂದು ಗರಡಿ ಮನೆಗೆ ಇಪ್ಪತ್ತು ಹುಡುಗರು ಸೇರಿದರೆಂದು ಇಟ್ಟುಕೊಳ್ಳಿ. ಹತ್ತು ವರ್ಷಗಳ ನಂತರ ಕೆಮ್ಮಣ್ಣಿನ ಮೇಲೆ ಉಳಿಯುವವರು ಇಬ್ಬರೋ ಮೂವರೋ. ಸೋಲಿನ ಭಯ ತಾಳಲಾರದವರು, ಜನರ ಮುಂದೆ ನಿಲ್ಲಲಾರದವರು ಅಷ್ಟರೊಳಗೆ ಬಿಟ್ಟು ಹೋಗಿರುತ್ತಾರೆ. ಉಳಿದ ಇಬ್ಬರನ್ನು ಅಳೆದು, ಹತ್ತು ವರ್ಷದ ಸಾಮು ಇವರಿಗೆ ಎದೆಗಾರಿಕೆ ಕೊಟ್ಟಿತೆಂದು ಬರೆದುಕೊಂಡರೆ ಅರ್ಧ ಸತ್ಯವನ್ನಷ್ಟೇ ಬರೆದಂತೆ. ಎದೆಗಾರಿಕೆ ಇದ್ದುದರಿಂದಲೇ ಅವರು ಹತ್ತು ವರ್ಷ ಉಳಿದಿರಬಹುದು.

ಇನ್ನು ಹೆದರಿಕೆ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದನ್ನು ಬಿಡಿಸಿ ನೋಡಬೇಕು. ಅಮೆರಿಕದ ರೈನರ್ ಮಾರ್ಟೆನ್ಸ್ ಮತ್ತು ಸಂಗಡಿಗರು ರೂಪಿಸಿದ, 1990ರಲ್ಲಿ ವಿವರವಾಗಿ ಪ್ರಕಟವಾದ ಅಳತೆಗೋಲು ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 27 ಹೇಳಿಕೆಗಳಿವೆ. ಮನಸ್ಸಿನಲ್ಲಿ ಓಡುವ ಚಿಂತೆಗೆ ಒಂಬತ್ತು, ಎದೆಬಡಿತ, ಬೆವರು, ಹೊಟ್ಟೆಯ ಕಳವಳದಂಥ ದೇಹದ ಆತಂಕಕ್ಕೆ ಒಂಬತ್ತು, ಆತ್ಮವಿಶ್ವಾಸಕ್ಕೆ ಒಂಬತ್ತು. ದೇಹದ ಆತಂಕ ಪಂದ್ಯ ಹತ್ತಿರ ಬಂದಂತೆ ಏರಿ, ಆಟ ಶುರುವಾದ ಕೂಡಲೇ ಸಾಮಾನ್ಯವಾಗಿ ಇಳಿದುಬಿಡುತ್ತದೆ. ಚಿಂತೆ ಹಾಗಲ್ಲ. ಗೆಲ್ಲುವೆನೋ ಸೋಲುವೆನೋ ಎಂಬ ಎಣಿಕೆ ಬದಲಾದಂತೆಲ್ಲ ಅದು ಪಂದ್ಯದ ನಡುವೆಯೂ ಏರಿಳಿಯುತ್ತದೆ. ಆತ್ಮವಿಶ್ವಾಸವೆಂದರೆ ಹೆದರಿಕೆ ಇಲ್ಲದಿರುವುದು ಎಂಬ ತಿಳಿವಳಿಕೆಯನ್ನು ಈ ಮೂರು ಪಾಲಿನ ಲೆಕ್ಕ ಕದಲಿಸಿತು. ಎದೆ ಡಬಡಬ ಬಡಿದುಕೊಳ್ಳುತ್ತಿರುವಾಗಲೇ ‘ನನ್ನಿಂದ ಆಗುತ್ತದೆ’ ಎಂದುಕೊಳ್ಳುವವರಿದ್ದಾರೆ. ಎದೆ ತಣ್ಣಗಿದ್ದೂ ಆಗದೆನ್ನುವವರೂ ಇದ್ದಾರೆ.

ಪರೀಕ್ಷೆಯ ಬಗ್ಗೆ ಕೇಳಿದ್ದೀರಿ, ಅದನ್ನು ಇಲ್ಲಿಯೇ ಮುಗಿಸುತ್ತೇನೆ. 2003ರಲ್ಲಿ ಈ ಅಳತೆಗೋಲನ್ನು 17 ಹೇಳಿಕೆಗಳಿಗೆ ಇಳಿಸಿ ಪರಿಷ್ಕರಿಸಿದರು. ಇಂಗ್ಲಿಷಿನಿಂದ ನೀವೇ ಅನುವಾದಿಸಿ ಮಕ್ಕಳಿಗೆ ಕೊಡಲು ಹೋಗಬೇಡಿ. ಮೂಲದಲ್ಲಿ ಚಿಂತೆಯನ್ನು ಕೇಳಲು ಬಳಸಿರುವ ಪದಕ್ಕೆ ಆಸ್ಥೆ ಎಂಬ ಅರ್ಥವೂ ಇದೆ, ಕಳವಳ ಎಂಬ ಅರ್ಥವೂ ಇದೆ, ಇದಕ್ಕಾಗಿ ಅದು ಟೀಕೆಗೂ ಒಳಗಾಗಿದೆ. ನಮ್ಮ ಕಡೆ ‘ಕಾಳಜಿ’ ಎಂಬ ಪದದ್ದೂ ಇದೇ ಕಥೆ. ‘ಭಾಳ ಕಾಳಜಿಲೆ ಆಡ್ತಾಳ್ರಿ’ ಎಂದರೆ ಹೊಗಳಿಕೆ, ‘ಕಾಳಜಿ ಮಾಡಬ್ಯಾಡ’ ಎಂದರೆ ಚಿಂತೆ ಬಿಡು ಎಂದು. ಪಂದ್ಯದ ಬಗ್ಗೆ ಕಾಳಜಿ ಇದೆಯೇ ಎಂದು ಹಾವೇರಿಯ ಹುಡುಗಿಯನ್ನು ಕೇಳಿದರೆ ಅವಳು ಯಾವುದಕ್ಕೆ ಹೌದೆಂದಳೋ ನಿಮಗೆ ತಿಳಿಯುವುದಿಲ್ಲ. ಪಂದ್ಯದ ಹಿಂದಿನ ಸಂಜೆ, ಬೆಳಿಗ್ಗೆ, ಅಂಕಣಕ್ಕೆ ಇಳಿಯುವ ಮೊದಲು, ಹೀಗೆ ಮೂರು ಸಲ ‘ಎದೆ ಎಷ್ಟು ಹೊಡಕೊಳ್ಳಾಕತ್ತೈತಿ, ತಲ್ಯಾಗ ಏನು ಓಡಾಕತ್ತೈತಿ, ಇವತ್ತು ನಿನ್ನ ಮ್ಯಾಲೆ ನಿನಗ ಎಷ್ಟು ಭರೋಸೆ’ ಎಂದು ಕೇಳಿ ಹತ್ತಕ್ಕೆ ಇಂತಿಷ್ಟು ಎಂದು ಅವಳಿಂದಲೇ ಅಂಕ ಹಾಕಿಸಿದರೆ, ಶಾಲೆಯ ಮಟ್ಟಿಗೆ ಅಷ್ಟು ಸಾಕು.

ಈ ಮೂರು ಹೊತ್ತಿನ ಲೆಕ್ಕವನ್ನು ಸುಮ್ಮನೆ ಹೇಳಲಿಲ್ಲ. ಅನುಭವಿಗಳ ಹೆದರಿಕೆಯ ಬಗ್ಗೆ ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳುವ ಪ್ರಯೋಗ ಆಟದ ಮೈದಾನದ್ದಲ್ಲ, ವಿಮಾನದ್ದು. 1967ರಲ್ಲಿ ವಾಲ್ಟರ್ ಫೆನ್ಜ್ ಮತ್ತು ಸೀಮೋರ್ ಎಪ್‌ಸ್ಟೈನ್ ಎಂಬಿಬ್ಬರು ಪ್ಯಾರಾಶೂಟ್ ಜಿಗಿತಗಾರರ ಎದೆಬಡಿತ, ಉಸಿರಾಟ, ಚರ್ಮದ ಬೆವರುವಿಕೆಯನ್ನು ವಿಮಾನ ಮೇಲೇರುವಾಗ ಹಂತಹಂತವಾಗಿ ಅಳೆದು ಪ್ರಕಟಿಸಿದರು. ಹೊಸಬರಲ್ಲಿ ಈ ಅಳತೆಗಳ ಗೆರೆ ಜಿಗಿಯುವ ಕ್ಷಣದವರೆಗೂ ಏರುತ್ತಲೇ ಹೋಯಿತು. ಪಳಗಿದವರಲ್ಲಿ ಗೆರೆ ಮೊದಲೇ ಏರಿ, ಬಾಗಿಲು ಸಮೀಪಿಸುವಷ್ಟರಲ್ಲಿ ಇಳಿದಿತ್ತು. ಗಮನಿಸಿ, ಅವರಿಗೂ ಹೆದರಿಕೆ ಬಂದಿತ್ತು. ಅದು ಬೇಗ ಬಂದು, ಕೆಲಸದ ಹೊತ್ತಿಗೆ ದಾರಿ ಬಿಟ್ಟಿತ್ತು. ಫೆನ್ಜ್ 1972ರಲ್ಲಿ ಇನ್ನೊಬ್ಬ ಸಹೋದ್ಯೋಗಿಯೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಜಿಗಿಯುವವರಲ್ಲಿ ಈ ಇಳಿತ ಕಂಡಿತು, ಸರಿಯಾಗಿ ಜಿಗಿಯದವರಲ್ಲಿ ಗೆರೆ ಕೊನೆಯವರೆಗೆ ಏರುತ್ತಲೇ ಇತ್ತು.

ಇದೇ ಮಾತನ್ನು ನಾನು ಇನ್ನೊಂದು ರೀತಿಯಲ್ಲಿ ಒಬ್ಬ ಪೈಲ್ವಾನರ ಬಾಯಿಂದ ಕೇಳಿದ್ದೇನೆ. ಧಾರವಾಡ ಸೀಮೆಯ ಒಂದು ಜಾತ್ರೆಯಲ್ಲಿ ಬೆಳ್ಳಿ ಖಡೆಯ ನಿಕಾಲಿ ಕುಸ್ತಿ, ಅಂದರೆ ಸೋಲು ಗೆಲುವು ತೀರ್ಮಾನವಾಗುವವರೆಗೆ ಆಡುವ ಕುಸ್ತಿ ಇತ್ತು. ಹುಡುಗ ಪೈಲ್ವಾನ ಕಣದ ಅಂಚಿನಲ್ಲಿ ತೊಡೆ ತಟ್ಟುತ್ತ, ಮತ್ತೆ ಮತ್ತೆ ಲಂಗೋಟಿಯ ಗಂಟು ಮುಟ್ಟಿ ನೋಡುತ್ತ, ನಡುನಡುವೆ ಆಕಳಿಸುತ್ತ ತಿರುಗುತ್ತಿದ್ದ. ಆ ಆಕಳಿಕೆಯನ್ನು ನಿದ್ದೆಯೆಂದು ತಿಳಿಯಬೇಡಿ, ಬಿಗಿದ ದೇಹ ಹೀಗೂ ಮಾಡುತ್ತದೆ. ಅವನ ಜೋಡಿಯ ಹಿರಿಯ ಮಾತ್ರ ಕುಕ್ಕರಗಾಲಿನಲ್ಲಿ ಕುಳಿತು ಕೆಮ್ಮಣ್ಣನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಉದುರಿಸುತ್ತಿದ್ದರು. ಕುಸ್ತಿ ಮುಗಿದ ಮೇಲೆ, ನಿಮಗೆ ಅಂಜಿಕೆಯೇ ಇರಲಿಲ್ಲವೇ ಎಂದು ಕೇಳಿದೆ. ‘ಅಂಜಿಕಿ ನಿನ್ನೆ ರಾತ್ರಿನ ಮುಗಿಸೇನ್ರಿ ಸರ್. ಮೂರು ಸಲ ಎದ್ದು ನೀರು ಕುಡದೆ’ ಎಂದರು.

ಹಾಗಾದರೆ ಅನುಭವ ಬದಲಿಸುವುದು ಹೆದರಿಕೆಯ ಹೊತ್ತನ್ನು. ಅದು ಬದಲಿಸುವ ಇನ್ನೊಂದು ಸಂಗತಿ ಹೆದರಿಕೆಯ ಅರ್ಥ. ಬ್ರಿಟನ್ನಿನ ಗ್ರಹಾಂ ಜೋನ್ಸ್ ಮತ್ತು ಸಂಗಡಿಗರು 1994ರಲ್ಲಿ ಮೇಲ್ಮಟ್ಟದ ಮತ್ತು ಸಾಮಾನ್ಯ ಮಟ್ಟದ ಈಜುಗಾರರನ್ನು ಹೋಲಿಸಿದಾಗ ಆತಂಕದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆ ಆತಂಕ ಇಂದಿನ ಈಜಿಗೆ ನೆರವೋ ತೊಡಕೋ ಎಂದು ಕೇಳಿದಾಗ ಇಬ್ಬರೂ ಬೇರೆಯಾದರು. ಮೇಲ್ಮಟ್ಟದವರು ನೆರವೆಂದು ಓದಿಕೊಂಡಿದ್ದರು, ಅವರ ಆತ್ಮವಿಶ್ವಾಸವೂ ಹೆಚ್ಚಿತ್ತು. ಮರುವರ್ಷ ಕ್ರಿಕೆಟಿಗರಲ್ಲಿ ನೋಡಿದಾಗಲೂ ಹೀಗೆಯೇ ಕಂಡಿತು. ನಮ್ಮ ಮೈದಾನಗಳಲ್ಲಿ ಇದು ಮಾತಿನಲ್ಲಿಯೇ ಕೇಳಿಸುತ್ತದೆ. ಒಬ್ಬಳು ‘ಮೈ ಕಾದೈತ್ರಿ’ ಎನ್ನುತ್ತಾಳೆ, ಅದೇ ಎದೆಬಡಿತವಿರುವ ಇನ್ನೊಬ್ಬಳು ‘ಕೈಕಾಲು ಸತ್ತಾವ್ರಿ’ ಎನ್ನುತ್ತಾಳೆ. ನಿಮ್ಮ ನಾಯಕಿ ಎರಡನೆಯ ಮಾತು ಕಲಿತದ್ದು ಹೋದ ವರ್ಷದ ಆ ಒಂದು ರೇಡ್‌ನಿಂದ.

ಒಂದು ರೇಡ್ ನಾಲ್ಕು ವರ್ಷಗಳ ಗೆಲುವನ್ನು ಅಳಿಸಬಲ್ಲದೇ? ಅಳಿಸಬಲ್ಲದು, ಏಕೆಂದರೆ ಆ ನಾಲ್ಕು ವರ್ಷಗಳು ಅವಳಿಗೆ ಕೊಟ್ಟದ್ದು ನೀವು ಎಣಿಸಿದಷ್ಟು ಇರಲಿಕ್ಕಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಇತರರು ಹುರಿದುಂಬಿಸಿದ್ದು, ತನ್ನ ದೇಹದ ಸ್ಥಿತಿಯನ್ನು ತಾನು ಓದಿಕೊಂಡದ್ದು. ಮೊದಲನೆಯದು ಎಲ್ಲಕ್ಕಿಂತ ಬಲವಾದದ್ದು. ಆದರೆ ಸುಲಭವಾಗಿ ದಕ್ಕಿದ ಗೆಲುವಿನ ಮೇಲೆ ಕಟ್ಟಿದ ನಂಬಿಕೆ ಮೊದಲ ಪೆಟ್ಟಿಗೆ ಬಿರುಕು ಬಿಡುತ್ತದೆ. ತಾಲೂಕಿನಲ್ಲಿ ಹಿಡಿಯುವವರೇ ಇಲ್ಲ ಎಂದಿದ್ದೀರಿ. ವರ್ಷವರ್ಷವೂ ಅದೇ ಐದಾರು ಶಾಲೆಗಳು, ಅದೇ ಡಿಫೆಂಡರ್‌ಗಳು. ನಿಷ್ಠುರವಾಗಿ ಹೇಳಿದರೆ ಅವಳು ಒಂದು ವರ್ಷದ ಕಬಡ್ಡಿಯನ್ನು ನಾಲ್ಕು ಸಲ ಆಡಿದ್ದಾಳೆ, ಬಲವಾದ ಎದುರಾಳಿಗಳ ಮುಂದೆ ಆಡಿದ್ದು ಎರಡೋ ಮೂರೋ ಪಂದ್ಯ. ಆ ಲೆಕ್ಕದಲ್ಲಿ ಅವಳೂ ಹೊಸಬಳೇ.

ಇಲ್ಲಿ ಭಾರತ ಕ್ರಿಕೆಟ್ ತಂಡದ ಸ್ಪಿನ್ನರ್ ಆಗಿದ್ದ ಗದಗಿನ ಸುನಿಲ್ ಜೋಶಿ ಅವರ ನೆನಪು ಬರುತ್ತದೆ. ಹುಡುಗರಾಗಿದ್ದಾಗ ಅವರು ಬೆಳಗಿನ ಜಾವ ಗದಗದಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ನಮ್ಮಲ್ಲಿ ಇದನ್ನು ಕಷ್ಟಸಹಿಷ್ಣುತೆಯ ಕಥೆಯಾಗಿ ಮಕ್ಕಳಿಗೆ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವೆನಿಸುವುದು ಬೇರೆ: ತನ್ನೂರಿನ ಆಟ ಸಾಲದೆಂದು ಹುಡುಗನೊಬ್ಬ ಬೇರೆ ಊರಿನ ಆಟವನ್ನು ದಿನದಿನವೂ ಹುಡುಕಿಕೊಂಡು ಹೋದದ್ದು. ಅವರು 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್‌ಗಳಲ್ಲಿ 6 ಮೇಡನ್ ಸಹಿತ 6 ರನ್ ಕೊಟ್ಟು 5 ವಿಕೆಟ್ ತೆಗೆದಾಗ ವಯಸ್ಸು 29. ಆ ದಿನ ಅವರ ಎದೆ ಹೇಗೆ ಬಡಿಯುತ್ತಿತ್ತೆಂಬುದು ಅವರಿಗೇ ಗೊತ್ತು. ಆದರೆ ಅಲ್ಲಿಗೆ ಹೋದ ದಾರಿ ಒಂದೇ ಮಟ್ಟದ ಪುನರಾವರ್ತನೆಯಾಗಿರಲಿಲ್ಲ.

ಅನುಭವಿಯನ್ನೇ ಹುಡುಕಿಕೊಂಡು ಬರುವ ತೊಡಕು ಇನ್ನೊಂದಿದೆ. 2002ರಲ್ಲಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಫುಟ್‌ಬಾಲ್ ಆಡುವವರಿಗೆ ಚೆಂಡನ್ನು ಕಂಬಗಳ ನಡುವೆ ಒಯ್ಯಲು ಹೇಳಿ, ಪಾದದ ಯಾವ ಬದಿ ಚೆಂಡಿಗೆ ತಾಗುತ್ತಿದೆಯೆಂದು ಗಮನಿಸುತ್ತ ಹೋಗುವಂತೆ ಸೂಚಿಸಿದರು. ಹೊಸಬರಿಗೆ ಈ ಗಮನ ನೆರವಾಯಿತು, ಪಳಗಿದವರ ಬಲಗಾಲಿನ ಆಟ ಮಾತ್ರ ಕೆಟ್ಟಿತು. ಅದೇ ಪಳಗಿದವರು ಅಭ್ಯಾಸವಿಲ್ಲದ ಎಡಗಾಲಿನಲ್ಲಿ ಆಡಿದಾಗ ಹೊಸಬರಂತೆಯೇ ಆದರು. ರೊಟ್ಟಿ ಬಡಿಯುವ ಅವ್ವನನ್ನು, ಯಾವ ಬೆರಳು ಮೊದಲು ಎತ್ತುತ್ತೀ ಎಂದು ಕೇಳಿ ನೋಡಿ, ಆ ರೊಟ್ಟಿ ಹರಿಯುತ್ತದೆ. ಮೈಗೂಡಿದ ಕೌಶಲಕ್ಕೆ ಕಾವಲು ಕೂರಿಸಬಾರದು, ಆದರೆ ಹೆದರಿದ ಮನಸ್ಸು ಮೊದಲು ಮಾಡುವ ಕೆಲಸವೇ ಅದು. ನಿಮ್ಮ ನಾಯಕಿ ದೊಡ್ಡ ಪಂದ್ಯದಲ್ಲಿ ಎದುರಿನ ಮೂಲೆ ಕಾಯುವ ಕಾರ್ನರ್ ಆಟಗಾರ್ತಿಯನ್ನು ನೋಡುವ ಬದಲು ತನ್ನ ಕಾಲನ್ನೇ ನೋಡುತ್ತಿರುತ್ತಾಳೆಂದು ನನ್ನ ಊಹೆ. ನೀವು ಅಂಚಿನಲ್ಲಿ ನಿಂತು ‘ಕಾಲು ನೋಡಕೋ, ಕಾಲು ನೋಡಕೋ’ ಎಂದು ಕೂಗುತ್ತಿದ್ದರೆ, ದಯವಿಟ್ಟು ಇಂದಿನಿಂದಲೇ ಬಿಡಿ. ಚಿಕ್ಕವಳಿಗೆ ಅದೇ ಮಾತು ಒಳ್ಳೆಯ ಪಾಠವಾಗಬಹುದು, ಅದನ್ನೂ ಅಭ್ಯಾಸದಲ್ಲಿ ಹೇಳಿ.

ಹುಡುಗಿಯರ ವಿಷಯದಲ್ಲಿ ಹೇಳಲೇಬೇಕಾದ ಒಂದು ಮಾತಿದೆ. ಆರನೆಯ ತರಗತಿಯ ಮಗುವಿಗೂ ಹತ್ತನೆಯ ತರಗತಿಯ ಹುಡುಗಿಗೂ ನೋಡುವ ಜನ ಒಂದೇ ಅಲ್ಲ. ಬಟ್ಟೆ ಬದಲಿಸಲು ಮರೆಯಿಲ್ಲದ, ಶೌಚಾಲಯಕ್ಕೆ ಬೀಗ ಹಾಕಿದ ಮೈದಾನಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮುಟ್ಟಿನ ದಿನ ಅಂಥ ಕಡೆ ರೇಡ್ ಮಾಡಬೇಕಾದವಳ ಅಳುಕನ್ನು ಕ್ರೀಡಾ ಆತಂಕ ಎಂದು ಕರೆದು ಉಸಿರಾಟದ ವ್ಯಾಯಾಮ ಹೇಳಿಕೊಡುವುದು ನಮ್ಮಂಥವರು ಮಾಡುವ ತಪ್ಪು. ನಿಮ್ಮ ಶಾಲೆಯ ಶಿಕ್ಷಕಿಯೊಬ್ಬರು ಅವಳೊಡನೆ ಒಮ್ಮೆ ಕುಳಿತು ಮಾತಾಡಲಿ. ಉಳಿದೆಲ್ಲವೂ ಅದಾದ ಮೇಲೆ.

ಅನಂತರ ಆ ಕೊನೆಯ ರೇಡ್‌ಗೆ ಮರಳಬೇಕು. ಆದದ್ದಾಯಿತು, ಮರೆತುಬಿಡು ಎಂದು ಹೇಳಿ ಯಾರೂ ಅದರ ಮಾತೆತ್ತದೆ ಇರುವುದರಿಂದಲೇ ಅದು ಹಾಗೆಯೇ ಉಳಿದಿರುತ್ತದೆ. ಒಂದು ಸಂಜೆ ಏಳು ಜನರನ್ನು ಅಂದಿನಂತೆಯೇ ಅಂಕಣದಲ್ಲಿ ನಿಲ್ಲಿಸಿ, ಅವಳಿಂದಲೇ ಹೇಳಿಸಿ: ಎಡ ಕಾರ್ನರ್ ಎಲ್ಲಿದ್ದಳು, ರೇಡರ್ ದಾಟಲೇಬೇಕಾದ ಬಾಕ್ ಲೈನ್ ದಾಟಿದಾಗ ಎಷ್ಟು ಹೊತ್ತು ಉಳಿದಿತ್ತು, ಕಾಲು ಹಿಡಿದವರು ಯಾರು, ಕೈ ಕೈ ಹಿಡಿದ ಡಿಫೆಂಡರ್‌ಗಳ ಚೈನ್ ಯಾವ ಕಡೆಯಿಂದ ಮುಚ್ಚಿತು. ಅವಳಿಗೆ ಮೊದಲು ಜನರ ಕೂಗಷ್ಟೇ ನೆನಪಿರುತ್ತದೆ. ಕೇಳುತ್ತ ಹೋದಂತೆ ಕಾಲು, ಕೈ, ಅಂತರ ಒಂದೊಂದೇ ನೆನಪಿಗೆ ಬರುತ್ತವೆ. ಬಳಿಕ ಅದೇ ರೇಡನ್ನು ನಿಧಾನವಾಗಿ ಹತ್ತು ಸಲ ಮಾಡಿಸಿ. ಕೆಲವು ಸಲ ಸಿಕ್ಕಿಬೀಳಲಿ, ಕೆಲವು ಸಲ ಟಚ್ ಮಾಡಿ ಮಧ್ಯರೇಖೆ ಮುಟ್ಟಲಿ. ‘ನನ್ನಿಂದ ತಂಡ ಸೋತಿತು’ ಎಂಬ ನೆನಪು ‘ಒಂದು ಹೆಜ್ಜೆ ತಡವಾಗಿ ತಿರುಗಿದೆ’ ಎಂಬ ನೆನಪಾದರೆ ಅದನ್ನು ಅಭ್ಯಾಸದಿಂದ ತಿದ್ದಬಹುದು.

ಅಭ್ಯಾಸದಲ್ಲಿ ಒತ್ತಡವನ್ನೂ ಬೆರೆಸಬೇಕು. ಕೊನೆಯ ಎರಡು ನಿಮಿಷ, ಮೂರು ಅಂಕ ಹಿಂದೆ ಎಂದು ಫಲಕದಲ್ಲಿ ಬರೆದು ಆಡಿಸಿ. ಬಾಲಕರ ತಂಡವನ್ನು ಡಿಫೆನ್ಸ್‌ಗೆ ನಿಲ್ಲಿಸಲು ಬಾರದಿದ್ದರೆ ಹಳೆಯ ವಿದ್ಯಾರ್ಥಿನಿಯರನ್ನು ಕರೆಸಿ. ಇಡೀ ಶಾಲೆಯನ್ನು ಸುತ್ತ ನಿಲ್ಲಿಸಿ ಕೂಗಿಸಿ. ಮೇಲಿನ ಹಂತದ ಪಂದ್ಯ ಮ್ಯಾಟ್ ಮೇಲೆ ನಡೆಯುವುದಾದರೆ, ಮಣ್ಣಿನಲ್ಲಿ ಬರಿಗಾಲಿನಲ್ಲಿ ಕಲಿತವಳು ಬೂಟು ಹಾಕಿ ಮ್ಯಾಟ್ ಮೇಲೆ ತಿರುಗುವುದನ್ನು ಪಂದ್ಯದ ದಿನವೇ ಮೊದಲ ಸಲ ಮಾಡಬಾರದು. ಹಾವೇರಿಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಮ್ಯಾಟ್ ಇರುವ ಕಡೆ ಮೊದಲೇ ಎರಡು ದಿನ ಅಭ್ಯಾಸಕ್ಕೆ ಕೇಳಿಕೊಳ್ಳಿ. ಹೀಗೆ ಕೇಳಿದ ಶಿಕ್ಷಕರಿಗೆ ಇಲ್ಲವೆಂದವರನ್ನು ನಾನು ಕಡಿಮೆ ನೋಡಿದ್ದೇನೆ, ಕೇಳುವವರೇ ಕಡಿಮೆ.

ರೇಡ್‌ಗೆ ಮುನ್ನ ಅವಳಿಗೆ ಒಂದು ಚಿಕ್ಕ ಕ್ರಮವಿರಲಿ, ಪ್ರತಿ ಸಲವೂ ಅದೇ: ಅಂಗೈ ಒಮ್ಮೆ ತಿಕ್ಕಿಕೊಳ್ಳುವುದು, ಒಂದು ದೀರ್ಘ ನಿಟ್ಟುಸಿರು, ಯಾವ ಕಾರ್ನರ್ ಎಂದು ಮನಸ್ಸಿನಲ್ಲೇ ಒಂದು ಮಾತು, ಅಷ್ಟೇ. ಉಸಿರನ್ನು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಡುವುದು ಎದೆಬಡಿತವನ್ನು ಇಳಿಸುತ್ತದೆ.

ಹುರಿದುಂಬಿಸುವ ಮಾತು ಬಂಡೂರರ ಪಟ್ಟಿಯಲ್ಲಿ ಮೂರನೆಯದು, ಬಲದಲ್ಲಿ ಮೊದಲನೆಯದಕ್ಕೆ ಸಮನಲ್ಲ. ಅದರಲ್ಲಿಯೂ ‘ಹೆದರಬ್ಯಾಡ’ ಎಂಬುದು ಕೇಳಿದವಳಿಗೆ ಹೆದರಿಕೆಯನ್ನೇ ನೆನಪಿಸುತ್ತದೆ. ಆದರೂ ಶಿಕ್ಷಕರ ಮಾತಿಗೆ ತೂಕವಿಲ್ಲವೆಂದಲ್ಲ. ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಅಮೆರಿಕದ ಬಾಲಕರ ಬೇಸ್‌ಬಾಲ್ ತರಬೇತುದಾರರಿಗೆ, ತಪ್ಪು ಮಾಡಿದ ಕೂಡಲೇ ಧೈರ್ಯ ಹೇಳಿ ತಿದ್ದುವುದನ್ನು, ಬೈಯದಿರುವುದನ್ನು, ಗೆಲುವಿಗಿಂತ ಪ್ರಯತ್ನವನ್ನು ಗುರುತಿಸುವುದನ್ನು ಕಲಿಸಿದರು. 1995ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಅಂಥ ತರಬೇತುದಾರರ ಕೈಕೆಳಗೆ ಆಡಿದ ಮಕ್ಕಳ ಆತಂಕ ಹಂಗಾಮಿನ ಕೊನೆಗೆ ಇಳಿದಿತ್ತು. ಸೋತು ಬಂದ ದಿನ ಟ್ರ್ಯಾಕ್ಸಿನಲ್ಲಿ ವಾಪಸು ಬರುವಾಗ ನೀವು ಆಡುವ ಮೊದಲ ಮಾತು ಯಾವುದೆಂದು ಈಗಲೇ ಯೋಚಿಸಿಟ್ಟುಕೊಳ್ಳಿ.

ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸಲೂಬಾರದು. ಟಿಮ್ ವುಡ್‌ಮನ್ ಮತ್ತು ಲ್ಯೂ ಹಾರ್ಡಿ 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಆತ್ಮವಿಶ್ವಾಸಕ್ಕೂ ಪ್ರದರ್ಶನಕ್ಕೂ ಇರುವ ಸಹಸಂಬಂಧ ಸರಾಸರಿ 0.24, ಚಿಂತೆಗೂ ಪ್ರದರ್ಶನಕ್ಕೂ ಇರುವುದು ಋಣ 0.10 ಎಂದು ಬಂತು. ಸಂಬಂಧವೇ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಇದ್ದರೆ ಒಂದು ಎಂಬ ಈ ಅಳತೆಯಲ್ಲಿ ಎರಡೂ ಸಣ್ಣವು. ಆದರೆ ಹೆದರಿಕೆ ತೆಗೆಯಲು ಹೆಣಗುವುದಕ್ಕಿಂತ ವಿಶ್ವಾಸ ಬೆಳೆಸುವುದಕ್ಕೆ ಬೆವರು ಸುರಿಸಿದರೆ ಫಲ ಹೆಚ್ಚೆಂಬ ಸೂಚನೆ ಅದರಲ್ಲಿದೆ. ಉಳಿದ ಪಾಲು ಕಾಲಿನ ಬಲ, ನಿದ್ದೆ, ಅನ್ನದ್ದು. ನಸುಕಿನಲ್ಲಿ ಬಸ್ಸು ಹತ್ತಿ, ಬಸ್ ನಿಲ್ದಾಣದಲ್ಲಿ ಗಿರ್ಮಿಟ್ ಮಿರ್ಚಿ ತಿಂದು ಮಧ್ಯಾಹ್ನದ ಬಿಸಿಲಿನಲ್ಲಿ ಅಂಕಣಕ್ಕಿಳಿದ ಮಗುವಿನ ಕೈ ನಡುಗಿದರೆ ಅದಕ್ಕೆ ಮನಶ್ಶಾಸ್ತ್ರ ಬೇಕಿಲ್ಲ.

ಪಂದ್ಯವಿಲ್ಲದ ದಿನಗಳಲ್ಲಿಯೂ ಅವಳಿಗೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಶಾಲೆಗೇ ಬರಲೊಲ್ಲೆನೆಂದರೆ ಅದು ನನ್ನ ಉತ್ತರದ ಹದ್ದು ಮೀರಿದ ವಿಷಯ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಕೊನೆಯ ಪ್ರಶ್ನೆ, ಚಿಕ್ಕವಳನ್ನು ಮುಖ್ಯ ರೇಡರ್ ಮಾಡುವುದು. ಬೇಡ. ಅವಳ ನಿರ್ಭಯ ಇನ್ನೂ ಪೆಟ್ಟು ತಿಂದಿಲ್ಲ, ದೊಡ್ಡ ಪಂದ್ಯದ ಕೊನೆಯ ರೇಡ್ ಅವಳ ಕೈಗೂ ಒಂದು ದಿನ ಬರುತ್ತದೆ. ನಾಯಕಿಯನ್ನು ಹಿಂದಕ್ಕೆ ಸರಿಸಿದರೆ ಅವಳು ತನ್ನ ಬಗ್ಗೆ ಈಗಾಗಲೇ ನಂಬಿರುವುದಕ್ಕೆ ನೀವೇ ಮುದ್ರೆ ಒತ್ತಿದಂತಾಗುತ್ತದೆ. ಸರದಿಯನ್ನು ಬದಲಿಸಿ. ಜಿಲ್ಲಾ ಮಟ್ಟದ ಪಂದ್ಯದಲ್ಲಿ ಅಂಕ ಸೊನ್ನೆ ಸೊನ್ನೆ ಇರುವಾಗಲೇ ಮೊದಲ ರೇಡ್‌ಗೆ ನಾಯಕಿಯನ್ನು ಕಳಿಸಿ, ಬಾಕ್ ಲೈನ್ ದಾಟಿ ಸುರಕ್ಷಿತವಾಗಿ ಮರಳುವುದಷ್ಟೇ ಕೆಲಸವೆಂದು ಮೊದಲೇ ಹೇಳಿರಿ, ಅಂಕ ಬರಲೇಬೇಕೆಂಬ ಹಟ ಬೇಡ. ಎರಡನೆಯ ರೇಡ್ ಚಿಕ್ಕವಳದ್ದು. ಮೂರನೆಯದಕ್ಕೆ ನಾಯಕಿ ಮತ್ತೆ ಹೋಗುವ ಹೊತ್ತಿಗೆ ಅವಳ ದೇಹದ ಆತಂಕ ಇಳಿದಿರುತ್ತದೆ, ಕಣ್ಣು ಕಾಲಿನಿಂದ ಎದ್ದು ಎಡ ಕಾರ್ನರ್ ಕಡೆಗೆ ಹೊರಳಿರುತ್ತದೆ. ಹೊರಳಿತೋ ಇಲ್ಲವೋ ಎಂಬುದು ಅಂಚಿನಲ್ಲಿ ನಿಂತ ನಿಮಗೆ ಕಾಣುತ್ತದೆ, ಮೂರನೆಯ ರೇಡ್‌ನಲ್ಲಿ ಅವಳು ಏನು ಮಾಡಬೇಕೆಂಬುದನ್ನು ಅದನ್ನು ನೋಡಿಕೊಂಡು ಹೇಳಿ.